ಹಳೆಯ ಟೀವಿ ಪೆಟ್ಟಿಗೆಗಳ ಪಾಲನೆ: ಆಳಂದ, ಅಫಜಲಪುರ, ಜೇವರ್ಗಿಗಳ ನಿದರ್ಶನ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹವ್ಯಾಸಕ್ಕಾಗಿ ಹಳೆಯ ವಸ್ತುಗಳನ್ನು ಸಂಗ್ರಹಿಸುವುದೆಂದರೆ ಸಾಮಾನ್ಯವಾಗಿ ನಾಣ್ಯ, ಅಂಚೆಚೀಟಿ, ತಾಳೆಗರಿ, ಹಿತ್ತಾಳೆಯ ಪಾತ್ರೆಗಳು ನೆನಪಿಗೆ ಬರುತ್ತವೆ. ಇವುಗಳಲ್ಲಿ ಕೆಲವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಬಹುಕಾಲ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ಹಳೆಯ ಟೀವಿ ಪೆಟ್ಟಿಗೆ ಅಂಥದಲ್ಲ. ಅದನ್ನು ಸುಮ್ಮನೆ ಇಟ್ಟರೆ ಕೆಡುತ್ತದೆ, ಒಡೆದರೆ ವಿಷವಾಗುತ್ತದೆ, ಆಗಾಗ ಬಿಚ್ಚಿ, ಒರೆಸಿ, ಚಾಲನೆ ಮಾಡಿದರೆ ಮಾತ್ರ ಉಳಿಯುತ್ತದೆ. ಆದುದರಿಂದ ಟೀವಿ ಪೆಟ್ಟಿಗೆಗಳ ಸಂಗ್ರಹವು ಕೇವಲ ಕೂಡಿಡುವ ಕೆಲಸವಲ್ಲ, ಪಾಲಿಸುವ ಕೆಲಸ. ಹಸುಕರುಗಳನ್ನು, ತೋಟಪಟ್ಟಿಗಳನ್ನು ಪಾಲಿಸಿ ಬಲ್ಲ ಜನರಿಗೆ ಈ ವ್ಯತ್ಯಾಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ವಿಷಯವನ್ನು ಪರಿಸರದ ವೇದಿಕೆಯಲ್ಲಿ ಏಕೆ ಎತ್ತಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಸರಳವಾಗಿದೆ. ಗಾಜಿನ ಚಿತ್ರಕೊಳವೆಯುಳ್ಳ ಹಳೆಯ ಟೀವಿಗಳು ಕಳೆದ ಹದಿನೈದು, ಇಪ್ಪತ್ತು ವರ್ಷಗಳಲ್ಲಿ ಮನೆಯ ನಡುಮನೆಯಿಂದ ಅಟ್ಟಕ್ಕೆ, ಅಟ್ಟದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗುಜರಿಗೆ ಸಾಗಿವೆ. ಅವುಗಳ ಕೊನೆಯ ಪಯಣ ಎಲ್ಲಿ ಮುಗಿಯುತ್ತದೆ ಎಂಬುದೇ ಇಂದಿನ ಮಾತಿನ ತಿರುಳು. ಅದನ್ನು ತಿಳಿಯಲು ಮೊದಲು ಅವು ಎಲ್ಲಿಂದ ಬಂದವು ಎಂಬುದನ್ನು ತಿಳಿಯಬೇಕು. ಆ ಕಥೆ ಕರ್ನಾಟಕದ ಮಟ್ಟಿಗೆ ಬೆಂಗಳೂರಿನಲ್ಲಿ ಆರಂಭವಾಗಲಿಲ್ಲ, ಮಲೆನಾಡಿನಲ್ಲಂತೂ ಅಲ್ಲವೇ ಅಲ್ಲ. ಅದು ಆರಂಭವಾದುದು ಕರಿಮಣ್ಣಿನ ಬಯಲಿನಲ್ಲಿ.

ಬಯಲಿಗೆ ಮೊದಲು ಬಂದ ಚಿತ್ರ

ಆಳಂದ, ಅಫಜಲಪುರ ಮತ್ತು ಜೇವರ್ಗಿ ಇಂದಿನ ಕಲಬುರಗಿ ಜಿಲ್ಲೆಯ ಮೂರು ತಾಲ್ಲೂಕುಗಳು. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಜೇವರ್ಗಿಯ ನೆಲವನ್ನು ಮುಟ್ಟಿ ಹರಿಯುತ್ತದೆ. ತೊಗರಿ ಮತ್ತು ಜೋಳ ಈ ಸೀಮೆಯ ಮುಖ್ಯ ಬೆಳೆಗಳು. ಮಲೆನಾಡಿನಲ್ಲಿ ಒಂದು ವಾರದಲ್ಲಿ ಸುರಿಯುವ ಮಳೆಯನ್ನು ಇಲ್ಲಿಯ ರೈತ ಕೆಲವೊಮ್ಮೆ ಇಡೀ ಹಂಗಾಮಿನಲ್ಲಿ ಕಾಣಬೇಕಾಗುತ್ತದೆ. ಇಂತಹ ಸೀಮೆಗೆ ದೇಶದ ಬಹುಪಾಲು ನಗರಗಳಿಗಿಂತ ಮೊದಲೇ ಟೀವಿ ಬಂದಿತೆಂಬುದು ಅನೇಕರಿಗೆ ತಿಳಿಯದ ಸಂಗತಿ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಭಾರತದಲ್ಲಿ ಉಪಗ್ರಹದ ಮೂಲಕ ಶೈಕ್ಷಣಿಕ ಟೀವಿ ಪ್ರಸಾರದ ಪ್ರಯೋಗವೊಂದು ನಡೆಯಿತು. ಸೈಟ್ ಎಂಬ ಹೆಸರಿನಿಂದ ಅದು ಪ್ರಸಿದ್ಧ. ವಿಕ್ರಮ್ ಸಾರಾಭಾಯಿಯವರ ದೂರದೃಷ್ಟಿಯಿಂದ ರೂಪುಗೊಂಡು, 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಗಿ, ಅವರ ನಿಧನದ ನಂತರ ಯಶಪಾಲ್ ಮತ್ತು ಇ. ವಿ. ಚಿಟ್ನಿಸ್ ಮೊದಲಾದ ವಿಜ್ಞಾನಿಗಳ ನೇತೃತ್ವದಲ್ಲಿ ಕಾರ್ಯರೂಪಕ್ಕೆ ಬಂದ ಯೋಜನೆಯಿದು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಇದಕ್ಕಾಗಿ ಆರಿಸಲಾಯಿತು. ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಹಿಂದುಳಿದ ಪ್ರದೇಶಗಳಿಗೆ ಆದ್ಯತೆ ಎಂಬುದೇ ಆಯ್ಕೆಯ ಮೂಲತತ್ತ್ವವಾಗಿತ್ತು.

ಪ್ರಯೋಗದ ತಾಂತ್ರಿಕ ವಿವರ ವಿದ್ಯಾರ್ಥಿಗಳ ಗಮನಕ್ಕೆ ಯೋಗ್ಯವಾಗಿದೆ. ಎಟಿಎಸ್-6 ಎಂಬ ಅಮೆರಿಕದ ಉಪಗ್ರಹವನ್ನು 1974ರ ಮೇ 30ರಂದು ಹಾರಿಸಲಾಗಿತ್ತು. ಒಂಬತ್ತು ಮೀಟರ್ ಅಗಲದ, ಛತ್ರಿಯಂತೆ ಬಿಚ್ಚಿಕೊಳ್ಳುವ ಆಂಟೆನಾ ಅದರ ವಿಶೇಷ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಪೂರ್ವ ಆಫ್ರಿಕಾದ ಮೇಲುಗಡೆ ಅದನ್ನು ನಿಲ್ಲಿಸಿ ಭಾರತದತ್ತ ಮುಖ ಮಾಡಿಸಲಾಯಿತು. ಅಹಮದಾಬಾದ್ ಮತ್ತು ದೆಹಲಿಯ ಭೂಕೇಂದ್ರಗಳಿಂದ ಮೇಲಕ್ಕೆ ಕಳುಹಿಸಿದ ಕಾರ್ಯಕ್ರಮ ಉಪಗ್ರಹದಿಂದ 860 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ನೇರವಾಗಿ ಹಳ್ಳಿಗೆ ಇಳಿಯುತ್ತಿತ್ತು. ಒಂದು ಚಿತ್ರಕ್ಕೆ ಎರಡು ಧ್ವನಿಮಾರ್ಗಗಳಿದ್ದುದರಿಂದ ಒಂದೇ ದೃಶ್ಯವನ್ನು ಎರಡು ಭಾಷೆಗಳಲ್ಲಿ ಕೇಳಿಸಲು ಸಾಧ್ಯವಿತ್ತು. ಆಂಧ್ರ ಮತ್ತು ಕರ್ನಾಟಕದ ಹಳ್ಳಿಗಳಿಗೆ ಬೇಕಾದ ಕಾರ್ಯಕ್ರಮಗಳು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ ತಯಾರಾಗುತ್ತಿದ್ದವು.

ಹಳ್ಳಿಯಲ್ಲಿ ಶಾಲೆಯೋ ಪಂಚಾಯಿತಿ ಕಟ್ಟಡವೋ ಸೂಕ್ತವೆನಿಸಿದ ಸಾರ್ವಜನಿಕ ಸ್ಥಳದಲ್ಲಿ ಒಂದು ಕಪ್ಪುಬಿಳುಪಿನ ಟೀವಿಯನ್ನು ಇಡಲಾಗುತ್ತಿತ್ತು. ಪೆಟ್ಟಿಗೆಗಳನ್ನು ತಯಾರಿಸಿದುದು ಹೈದರಾಬಾದಿನ ಸಾರ್ವಜನಿಕ ವಲಯದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್. ಕಟ್ಟಡದ ಹೊರಗೆ ಸುಮಾರು ಮೂರು ಮೀಟರ್ ಅಗಲದ ಬುಟ್ಟಿಯಾಕಾರದ ಆಂಟೆನಾ. ಅದರ ಮೈಗೆ ಹೊದಿಸಿದುದು ಕೋಳಿಗೂಡಿಗೆ ಬಳಸುವಂಥ ತಂತಿಬಲೆ. ಅತ್ಯಾಧುನಿಕ ಉಪಗ್ರಹದ ತುದಿಯಲ್ಲಿ ಕೋಳಿಬಲೆ ಇದ್ದುದು ಕೇವಲ ಬಡತನದ ಲಕ್ಷಣವಲ್ಲ, ಸ್ಥಳೀಯವಾಗಿ ದುರಸ್ತಿ ಮಾಡಬಹುದಾದ ವಿನ್ಯಾಸದ ಲಕ್ಷಣ. ವಿದ್ಯುತ್ತಿಲ್ಲದ ಕೆಲವೆಡೆ ಬ್ಯಾಟರಿಯಿಂದಲೇ ಪೆಟ್ಟಿಗೆಗಳು ನಡೆದವು. ಉಪಗ್ರಹ ಸಂಪರ್ಕದ ಕಲ್ಪನೆಯನ್ನು ಬಹು ಹಿಂದೆಯೇ ಮಂಡಿಸಿದ್ದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರ ಕೊಲಂಬೊ ನಿವಾಸದಲ್ಲಿಯೂ ಭಾರತೀಯ ವಿಜ್ಞಾನಿಗಳು ಇದೇ ಪ್ರಸಾರವನ್ನು ಪಡೆಯುವ ಸಲಕರಣೆಯನ್ನು ಸ್ಥಾಪಿಸಿಕೊಟ್ಟಿದ್ದರು.

ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ, ದಿನಕ್ಕೆ ಸುಮಾರು ನಾಲ್ಕು ಗಂಟೆಗಳ ಪ್ರಸಾರ ವಿವಿಧ ಭಾಷೆಗಳಿಗೆ ಹಂಚಿಹೋಗುತ್ತಿತ್ತು. ಕೃಷಿ, ಆರೋಗ್ಯ, ಕುಟುಂಬ ಯೋಜನೆ, ಶಿಕ್ಷಣ ಮುಖ್ಯ ವಿಷಯಗಳು. ಕೃಷಿಯ ದೃಷ್ಟಿಯಿಂದ ಒಂದು ಮಿತಿಯನ್ನು ಹೇಳಲೇಬೇಕು. ಮೂರು ಜಿಲ್ಲೆಗಳ ಕನ್ನಡ ರೈತರಿಗೆಲ್ಲ ಒಂದೇ ಕಾರ್ಯಕ್ರಮ. ತುಂಗಭದ್ರಾ ಕಾಲುವೆಯ ಕೆಳಗಿನ ಭತ್ತದ ರೈತನಿಗೂ ಮಳೆಯನ್ನೇ ನಂಬಿದ ಆಳಂದದ ತೊಗರಿ ರೈತನಿಗೂ ಒಂದೇ ಸಲಹೆ ಹೊಂದುವುದಿಲ್ಲ. ಕೃಷಿಜ್ಞಾನ ಮಣ್ಣಿನಿಂದ ಮಣ್ಣಿಗೆ ಬದಲಾಗುತ್ತದೆ, ಆಕಾಶದಿಂದ ಬರುವ ಪಾಠ ಬದಲಾಗುವುದಿಲ್ಲ. ಮುಂದೆ ಜಿಲ್ಲಾಮಟ್ಟದ ಪ್ರಸಾರದ ಅಗತ್ಯವನ್ನು ಒತ್ತಿ ಹೇಳಿದವರೆಲ್ಲರ ವಾದಕ್ಕೂ ಈ ಅನುಭವವೇ ಆಧಾರ.

ಒಂದು ವರ್ಷದ ಅವಧಿ ಮುಗಿದೊಡನೆ ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಸರಿಸಿಕೊಂಡರು. ಹಳ್ಳಿಯ ಪೆಟ್ಟಿಗೆಗಳಲ್ಲಿ ಚಿತ್ರ ನಿಂತಿತು. ಆ ಹಳ್ಳಿಗಳಲ್ಲಿ ಕೆಲವಕ್ಕಾದರೂ ಸೇವೆ ಮುಂದುವರಿಯಲೆಂದು 1977ರಲ್ಲಿ ಗುಲ್ಬರ್ಗಾದಲ್ಲಿ ಭೂಮಿಯ ಮೇಲಿನ ಪ್ರಸಾರಯಂತ್ರವನ್ನು ಸ್ಥಾಪಿಸಲಾಯಿತು. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದುದು 1981ರ ನವೆಂಬರ್ 1ರಂದು. ಅಂದರೆ ರಾಜಧಾನಿಗಿಂತ ನಾಲ್ಕು ವರ್ಷ ಮೊದಲು ಗುಲ್ಬರ್ಗಾದ ಸುತ್ತಣ ಹಳ್ಳಿಗಳಿಗೆ ಟೀವಿ ಇತ್ತು. ಆಳಂದ ಮತ್ತು ಜೇವರ್ಗಿ ಆ ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿವೆ, ಅಫಜಲಪುರ ಇನ್ನಷ್ಟು ದೂರ. ಆದರೆ ನೆಲ ಸಮತಟ್ಟು. ಟೀವಿಯ ಅಲೆಗಳು ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿ ಚಲಿಸುತ್ತವೆ. ಬಯಲಿನಲ್ಲಿ ಅವುಗಳಿಗೆ ಅಡ್ಡಿಯಿಲ್ಲ.

ಮಲೆನಾಡಿನಲ್ಲಿ ಇದೇ ನಿಯಮ ವಿರುದ್ಧವಾಗಿ ಕೆಲಸ ಮಾಡಿತು. ಗುಡ್ಡದ ಹಿಂದಿನ ಕಣಿವೆಯೆಂದರೆ ಅಲೆಗಳ ಪಾಲಿಗೆ ನೆರಳು. 1984ರ ಸುಮಾರಿಗೆ ದೇಶದಾದ್ಯಂತ ಕಡಿಮೆ ಸಾಮರ್ಥ್ಯದ ಪ್ರಸಾರಯಂತ್ರಗಳು ಭರದಿಂದ ಸ್ಥಾಪನೆಯಾದ ನಂತರವೂ ಎಷ್ಟೋ ಕಣಿವೆಯ ಮನೆಗಳು ಅಡಿಕೆಮರದ ತುದಿಗೆ, ಗುಡ್ಡದ ನೆತ್ತಿಗೆ ಆಂಟೆನಾ ಕಟ್ಟಿ, ಬೂಸ್ಟರ್ ಜೋಡಿಸಿ, ಮಾರುಗಟ್ಟಲೆ ತಂತಿ ಎಳೆದು ಮಸುಕು ಚಿತ್ರವನ್ನು ಪಡೆದವು. ಒಬ್ಬ ಮೇಲೆ ನಿಂತು ಆಂಟೆನಾ ತಿರುಗಿಸುವುದು, ಇನ್ನೊಬ್ಬ ಕೆಳಗಿನಿಂದ ಕೂಗುವುದು ಮಲೆನಾಡಿನ ಹಿರಿಯರೆಲ್ಲರಿಗೂ ಪರಿಚಿತ ದೃಶ್ಯ. ಬಯಲಿನ ಟೀವಿಯ ಇತಿಹಾಸವೂ ಗುಡ್ಡದ ಟೀವಿಯ ಇತಿಹಾಸವೂ ಹೀಗೆ ಭೂಗೋಳದಿಂದಲೇ ಬೇರೆಯಾಗಿವೆ. ಆ ಪೆಟ್ಟಿಗೆಗಳ ಅಂತ್ಯ ಮಾತ್ರ ಎರಡೂ ಕಡೆ ಒಂದೇ ಬಗೆಯದಾಗಿದೆ.

ಪ್ರಸಾರ ನಿಂತ ಮೇಲೆ

ದೂರದರ್ಶನದ ಹಳೆಯ ಮಾದರಿಯ ಭೂ ಪ್ರಸಾರವನ್ನು ಹಂತಹಂತವಾಗಿ ಮುಚ್ಚಲಾಯಿತು. ಆಯಕಟ್ಟಿನ ಸ್ಥಳಗಳಲ್ಲಿರುವ ಸುಮಾರು 50 ಪ್ರಸಾರಯಂತ್ರಗಳ ಹೊರತು ಉಳಿದವುಗಳನ್ನು 2022ರ ಮಾರ್ಚ್ ಒಳಗೆ ನಿಲ್ಲಿಸುವ ಯೋಜನೆಯನ್ನು ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತು. ಕಲಬುರಗಿಯ ಕೇಂದ್ರವೇ ಮುಚ್ಚಿಹೋಗುತ್ತದೆಂಬ ಆತಂಕ ಆಗ ವ್ಯಕ್ತವಾಯಿತು. ಕಲಬುರಗಿಯಂತಹ ಕೇಂದ್ರಗಳು ಉಪಗ್ರಹ ವಾಹಿನಿಗಾಗಿ ಕಾರ್ಯಕ್ರಮ ತಯಾರಿಸುವುದನ್ನು ಮುಂದುವರಿಸುತ್ತವೆ ಎಂದು ಸಂಸ್ಥೆ ಸ್ಪಷ್ಟೀಕರಣ ನೀಡಿತು. ಕೇಂದ್ರ ಉಳಿಯಿತು, ಆದರೆ ಛಾವಣಿಯ ಮೇಲಿನ ಕಡ್ಡಿ ಆಂಟೆನಾಕ್ಕೆ ನೇರವಾಗಿ ಚಿತ್ರ ಬರುವ ಕಾಲ ಮುಗಿಯಿತು. ಕೇಬಲ್ ಜಾಲಗಳೂ ಅದಕ್ಕೆ ಮೊದಲೇ ಡಿಜಿಟಲ್ ಪದ್ಧತಿಗೆ ಬದಲಾಗಿದ್ದವು.

ಇದರ ಪರಿಣಾಮವಾಗಿ, ಯಾವ ದೋಷವೂ ಇಲ್ಲದ ಹಳೆಯ ಟೀವಿ ಕೂಡ ಮಾರುಕಟ್ಟೆಯ ದೃಷ್ಟಿಯಲ್ಲಿ ಸತ್ತ ವಸ್ತುವಾಯಿತು. ಗುಜರಿ ವ್ಯಾಪಾರಿಗೆ ಅದರಲ್ಲಿ ಬೇಕಾದುದು ಕೆಲವೇ ಭಾಗಗಳು. ಚಿತ್ರಕೊಳವೆಯ ಕತ್ತಿನ ಸುತ್ತ ಇರುವ ತಾಮ್ರದ ಸುರುಳಿ, ಟ್ರಾನ್ಸ್‌ಫಾರ್ಮರುಗಳು, ತಂತಿ, ಸ್ವಲ್ಪ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಗಾಜಿನ ಕೊಳವೆ ಯಾರಿಗೂ ಬೇಡ. ಅದನ್ನು ಊರ ಹೊರಗೆ ಒಡೆದು, ತಾಮ್ರ ತೆಗೆದುಕೊಂಡು, ಗಾಜನ್ನು ಹಳ್ಳದ ದಂಡೆಯಲ್ಲಿಯೋ ಪಾಳು ಬಾವಿಯಲ್ಲಿಯೋ ಸುರಿಯುವ ರೂಢಿ ಬಯಲಿನಲ್ಲೂ ಇದೆ, ಗುಡ್ಡದಲ್ಲೂ ಇದೆ. ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಸುಡುವುದು ಇನ್ನೊಂದು ಕೆಟ್ಟ ರೂಢಿ. ಆ ಹೊಗೆಯಲ್ಲಿ ಡಯಾಕ್ಸಿನ್‌ನಂತಹ ಅತಿ ವಿಷಕಾರಿ ಸಂಯುಕ್ತಗಳು ಹುಟ್ಟುತ್ತವೆ.

ಗಾಜಿನಲ್ಲಿ ಅಡಗಿರುವ ಸೀಸ

ಚಿತ್ರಕೊಳವೆಯ ಒಳಗೆ ವಿದ್ಯುತ್ಕಣಗಳ ಕಿರಣವನ್ನು ಅತಿ ಹೆಚ್ಚಿನ ವೋಲ್ಟೇಜಿನಿಂದ ಪರದೆಯತ್ತ ಎಸೆಯಲಾಗುತ್ತದೆ. ಕಪ್ಪುಬಿಳುಪಿನ ಪೆಟ್ಟಿಗೆಯಲ್ಲಿ ಇದು ಹತ್ತು ಸಾವಿರ ವೋಲ್ಟಿಗೂ ಹೆಚ್ಚು, ದೊಡ್ಡ ಬಣ್ಣದ ಪೆಟ್ಟಿಗೆಯಲ್ಲಿ 25,000 ವೋಲ್ಟ್ ಆಸುಪಾಸು. ಆ ವೇಗದ ಕಣಗಳು ತಡೆದು ನಿಂತಾಗ ಅಲ್ಪ ಪ್ರಮಾಣದ ಕ್ಷ-ಕಿರಣ ಉಂಟಾಗುತ್ತದೆ. ನೋಡುಗರನ್ನು ಅದರಿಂದ ಕಾಪಾಡಲು ಗಾಜಿಗೆ ಸೀಸವನ್ನು ಬೆರೆಸಲಾಯಿತು. ಬಣ್ಣದ ಕೊಳವೆಯ ಹಿಂಭಾಗದ ಆಲಿಕೆಯಾಕಾರದ ಗಾಜಿನ ತೂಕದಲ್ಲಿ ಐದನೆಯ ಒಂದು ಭಾಗಕ್ಕೂ ಮಿಕ್ಕು ಸೀಸದ ಆಕ್ಸೈಡ್ ಇರುತ್ತದೆ. ಕಪ್ಪುಬಿಳುಪಿನ ಕೊಳವೆಯಲ್ಲಿ ಪ್ರಮಾಣ ಕಡಿಮೆ, ಇಲ್ಲವೆಂದಲ್ಲ. ಬೆಸುಗೆಯಲ್ಲಿ ತವರದೊಡನೆ ಸೀಸವಿದೆ. ಪರದೆಯ ಒಳಮೈಗೆ ಬಳಿದ ಹೊಳಪಿನ ಪುಡಿಯಲ್ಲಿ ಸತುವಿನ ಸಲ್ಫೈಡ್, ಹಳೆಯ ಕೊಳವೆಗಳಲ್ಲಿ ಕ್ಯಾಡ್ಮಿಯಂ ಕೂಡ ಇರುತ್ತದೆ.

ಅಖಂಡವಾಗಿರುವ ಗಾಜಿನಲ್ಲಿ ಸೀಸ ಬಂಧಿಯಾಗಿರುತ್ತದೆ. ಮನೆಯಲ್ಲಿರುವ ಪೆಟ್ಟಿಗೆಯಿಂದ ಯಾರಿಗೂ ಅಪಾಯವಿಲ್ಲ. ಚೂರುಚೂರಾದಾಗ ನೀರಿಗೆ ತೆರೆದುಕೊಳ್ಳುವ ಮೇಲ್ಮೈ ಅನೇಕ ಪಟ್ಟು ಹೆಚ್ಚುತ್ತದೆ, ಆಮ್ಲೀಯ ನೀರು ಸೋಕಿದಲ್ಲಿ ಸೀಸ ನಿಧಾನವಾಗಿ ಹೊರಬರುತ್ತದೆ. ಇಲ್ಲಿ ಮಣ್ಣಿನ ಗುಣ ನಿರ್ಣಾಯಕವಾಗುತ್ತದೆ. ಆಳಂದ, ಅಫಜಲಪುರ, ಜೇವರ್ಗಿಗಳ ಕರಿಮಣ್ಣು ಸುಣ್ಣದ ಅಂಶವುಳ್ಳದ್ದು, ಕ್ಷಾರೀಯ, ಜೇಡಿ ಹೆಚ್ಚು. ಅಂತಹ ಮಣ್ಣು ಸೀಸವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಅದು ಬಹುದೂರ ಚಲಿಸುವುದಿಲ್ಲ. ಮಲೆನಾಡಿನ ಜಂಬಿಟ್ಟಿಗೆ ಮೂಲದ ಕೆಂಪು ಮಣ್ಣು ಆಮ್ಲೀಯ. ಭಾರಿ ಮಳೆ ಅದರ ಸುಣ್ಣವನ್ನು ತೊಳೆದು ಒಯ್ದಿರುತ್ತದೆ. ಇಂತಹ ಮಣ್ಣಿನಲ್ಲಿ, ಕೊಳೆತ ಎಲೆಗಳಿಂದ ಆಮ್ಲ ಸೇರಿದ ಹಳ್ಳದ ನೀರಿನಲ್ಲಿ ಸೀಸ ಹೆಚ್ಚು ಸುಲಭವಾಗಿ ಕರಗುತ್ತದೆ. ಒಂದೇ ಬಗೆಯ ಪೆಟ್ಟಿಗೆಯನ್ನು ಬಯಲಿನಲ್ಲಿ ಒಡೆದರೆ ಆಗುವ ಹಾನಿಗಿಂತ ಗುಡ್ಡದಲ್ಲಿ ಒಡೆದರೆ ಆಗುವ ಹಾನಿಯ ಸಾಧ್ಯತೆ ಹೆಚ್ಚು.

ಬಯಲಿನ ಹಳ್ಳಿಗೂ ನಿಶ್ಚಿಂತೆಯಿಲ್ಲ. ಮಣ್ಣಿನಲ್ಲಿ ನಿಂತ ಸೀಸ ಧೂಳಾಗಿ ಮಕ್ಕಳ ಕೈಗೆ, ಬಾಯಿಗೆ ಸೇರಬಹುದು. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಧಕ್ಕೆ ತರುತ್ತದೆ; ಇಷ್ಟು ಪ್ರಮಾಣದವರೆಗೆ ಸುರಕ್ಷಿತ ಎಂಬ ಮಟ್ಟವೇ ತಿಳಿದಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಇಷ್ಟಕ್ಕೂ ಭೀಮೆಯ ನೀರೂ ತುಂಗಭದ್ರೆಯ ನೀರೂ ಕಡೆಗೆ ಸೇರುವುದು ಕೃಷ್ಣೆಯನ್ನೇ. ಮೇಲಿನವರು ಚೆಲ್ಲಿದುದನ್ನು ಕೆಳಗಿನವರು ಕುಡಿಯುವುದು ನದಿಯ ನಿಯಮ.

ಪಾಲನೆಯ ಕ್ರಮ

ಈ ಹಿನ್ನೆಲೆಯಲ್ಲಿ ನೋಡಿದಾಗ, ಹಳೆಯ ಟೀವಿಯೊಂದನ್ನು ಅಖಂಡವಾಗಿ ಕಾಪಾಡಿಕೊಂಡಿರುವ ಹವ್ಯಾಸಿ ತನಗರಿವಿಲ್ಲದೆಯೇ ಪರಿಸರದ ಕೆಲಸವೊಂದನ್ನು ಮಾಡುತ್ತಿರುತ್ತಾನೆ. ಆ ಹವ್ಯಾಸಕ್ಕೆ ಒಂದು ಶಿಸ್ತು ಬೇಕು. ಅದರ ಮುಖ್ಯ ಅಂಶಗಳು ಹೀಗಿವೆ.

ಮೊದಲನೆಯದು, ಅಟ್ಟದಿಂದ ಇಳಿಸಿದ ಪೆಟ್ಟಿಗೆಗೆ ತಕ್ಷಣ ವಿದ್ಯುತ್ ಕೊಡಬಾರದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳೆಂಬ ಬಿಡಿಭಾಗಗಳು ವರ್ಷಗಟ್ಟಲೆ ಬಳಕೆಯಿಲ್ಲದಾಗ ಒಣಗಿಹೋಗಿರುತ್ತವೆ ಅಥವಾ ಸೋರುತ್ತವೆ. ಹಠಾತ್ತನೆ ಪೂರ್ಣ ವೋಲ್ಟೇಜ್ ಬಿದ್ದರೆ ಅವು ಸಿಡಿಯಬಹುದು, ಸಿಡಿಯುವಾಗ ಸುಲಭವಾಗಿ ಸಿಗದ ಟ್ರಾನ್ಸ್‌ಫಾರ್ಮರನ್ನೂ ಕೆಡಿಸಬಹುದು. ಆದುದರಿಂದ ಹಿಂಬದಿಯನ್ನು ತೆರೆದು, ಮೃದುವಾದ ಕುಂಚದಿಂದ ಧೂಳು ತೆಗೆದು, ಇಲಿ ಕಡಿದ ತಂತಿ, ಕಣಜದ ಗೂಡು, ತುಕ್ಕು, ಉಬ್ಬಿದ ಭಾಗಗಳನ್ನು ಪರೀಕ್ಷಿಸಿ, ಸಂಶಯವಿದ್ದ ಕೆಪಾಸಿಟರುಗಳನ್ನು ಬದಲಿಸಿದ ಮೇಲೆಯೇ ಚಾಲನೆಗೆ ತೊಡಗಬೇಕು. ಅನುಭವಿಗಳು ಮೊದಲ ಸಲ 60 ಅಥವಾ 100 ವ್ಯಾಟಿನ ಹಳೆಯ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸುತ್ತಾರೆ. ಒಳಗೆ ಎಲ್ಲಿಯಾದರೂ ವಿದ್ಯುತ್ ಅಡ್ಡದಾರಿ ಹಿಡಿದಿದ್ದರೆ ಬಲ್ಬು ಪೂರ್ಣ ಉರಿದು ಎಚ್ಚರಿಸುತ್ತದೆ, ಪೆಟ್ಟಿಗೆ ಉಳಿಯುತ್ತದೆ.

ಎರಡನೆಯದು, ಪ್ರಾಣದ ಎಚ್ಚರ. ಪ್ಲಗ್ ಕಿತ್ತ ನಂತರವೂ ಚಿತ್ರಕೊಳವೆಯಲ್ಲಿ ವಿದ್ಯುತ್ ಉಳಿದಿರಬಹುದು. ಅನೇಕ ಹಳೆಯ ಪೆಟ್ಟಿಗೆಗಳಲ್ಲಿ ಒಳಗಿನ ಲೋಹದ ಚೌಕಟ್ಟೇ ವಿದ್ಯುತ್ತಿನ ಒಂದು ತಂತಿಗೆ ನೇರ ಜೋಡಣೆಯಾಗಿರುತ್ತದೆ. ಅದನ್ನು ಮುಟ್ಟುವುದೆಂದರೆ ಕಂಬದ ತಂತಿಯನ್ನೇ ಮುಟ್ಟಿದಂತೆ. ಕೊಳವೆಯೊಳಗೆ ಗಾಳಿಯಿಲ್ಲದ ನಿರ್ವಾತವಿರುವುದರಿಂದ ಕತ್ತಿಗೆ ಪೆಟ್ಟು ಬಿದ್ದರೆ ಗಾಜು ಒಳಮುಖವಾಗಿ ಸ್ಫೋಟಿಸಿ ಚೂರುಗಳು ಹಾರುತ್ತವೆ. ಆದುದರಿಂದ ವಿದ್ಯಾರ್ಥಿಗಳು ಬಲ್ಲವರ ಸಮಕ್ಷಮವಿಲ್ಲದೆ ಹಿಂಬದಿಯ ಮುಚ್ಚಳವನ್ನು ತೆರೆಯಲೇಬಾರದು. ಈ ಮಾತಿನಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಮೂರನೆಯದು, ಚಿತ್ರದ ಮೂಲ. ಆಕಾಶದಿಂದ ಹಳೆಯ ಸಂಕೇತ ಬರದಿದ್ದರೂ ಪೆಟ್ಟಿಗೆ ನಿರುಪಯೋಗಿಯಲ್ಲ. ದೂರದರ್ಶನದ ಉಚಿತ ಡಿಟಿಎಚ್ ಸೇವೆ 2004ರ ಡಿಸೆಂಬರಿನಿಂದ ಲಭ್ಯವಿದೆ. ಅದರ ಸೆಟ್‌ಟಾಪ್ ಪೆಟ್ಟಿಗೆಯಿಂದ ಹೊರಬರುವ ಚಿತ್ರ ಮತ್ತು ಧ್ವನಿಯನ್ನು ಆರ್‌ಎಫ್ ಮಾಡ್ಯುಲೇಟರ್ ಎಂಬ ಸಣ್ಣ ಸಾಧನಕ್ಕೆ ಕೊಟ್ಟರೆ, ಅದು ಹಳೆಯ ಆಂಟೆನಾ ಕಿಂಡಿಗೆ ಒಪ್ಪುವ ಸಂಕೇತವಾಗಿ ಪರಿವರ್ತಿಸುತ್ತದೆ. 1970ರ ದಶಕದ ಪೆಟ್ಟಿಗೆಯಲ್ಲಿ ಇಂದಿನ ವಾರ್ತೆಯನ್ನು ನೋಡುವುದು ಹೀಗೆ ಸಾಧ್ಯ. ಭೌತಶಾಸ್ತ್ರದ ತರಗತಿಗೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ವಿರಳ. ಭಾರತದ ಹಳೆಯ ಟೀವಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಎರಡನ್ನೂ ಗುಣಿಸಿದರೆ 15,625. ಟೀವಿ ಚಾಲೂ ಆದಾಗ ಮಕ್ಕಳಿಗೆ ಕೇಳಿಸುವ, ವಯಸ್ಸಾದವರಿಗೆ ಕೇಳಿಸದ ಸಣ್ಣ ಕೀರಲು ಸದ್ದಿನ ಆವೃತ್ತಿ ಅದೇ ಆಗಿದೆ.

ನಾಲ್ಕನೆಯದು, ಹವಾಮಾನಕ್ಕೆ ತಕ್ಕ ರಕ್ಷಣೆ. ಕಲಬುರಗಿ ಸೀಮೆಯಲ್ಲಿ ಶತ್ರುಗಳು ಧೂಳು ಮತ್ತು ಬಿಸಿಲು. ಗಾಳಿಕಿಂಡಿಗಳಲ್ಲಿ ಧೂಳು ಕಟ್ಟಿಕೊಂಡರೆ ಒಳಗಿನ ಬಿಸಿ ಹೊರಹೋಗದೆ ಬಿಡಿಭಾಗಗಳು ಬೇಗ ಸಾಯುತ್ತವೆ. ಮಲೆನಾಡಿನಲ್ಲಿ ಶತ್ರುಗಳು ತೇವ, ಬೂಷ್ಟು ಮತ್ತು ಗೆದ್ದಲು. ಹೆಚ್ಚಿನ ವೋಲ್ಟೇಜಿನ ಭಾಗದ ಮೇಲೆ ತೇವ ಕುಳಿತರೆ ಕಿಡಿ ಹಾರುತ್ತದೆ. ಆದುದರಿಂದ ಗುಡ್ಡದ ಊರುಗಳಲ್ಲಿ ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿ, ಗೋಡೆಯಿಂದ ಗೇಣುದೂರದಲ್ಲಿ, ಒಲೆಯ ಹೊಗೆ ತಾಗದಂತೆ ಇಡುವುದು ಲೇಸು. ಮಳೆಗಾಲ ಕಳೆದ ಕೂಡಲೇ ಚಾಲನೆ ಮಾಡದೆ ಕೆಲವು ದಿನ ಒಣಹವೆಗೆ ಬಿಟ್ಟು, ನಂತರ ತಿಂಗಳಿಗೊಮ್ಮೆ ಅರ್ಧ ಗಂಟೆ ನಡೆಸಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡುವುದು ತಪ್ಪು, ಒಳಗಿನ ತೇವ ಅಲ್ಲಿಯೇ ಉಳಿಯುತ್ತದೆ. ಹತ್ತಿಯ ಬಟ್ಟೆಯ ಹೊದಿಕೆ ಸಾಕು.

ಐದನೆಯದು, ದಾಖಲೆ. ಪೆಟ್ಟಿಗೆಯ ಹಿಂದೆ ಒಂದು ಚೀಟಿಯಿರಬೇಕು: ಯಾವ ಊರಿನದು, ಯಾವ ವರ್ಷ ಬಂದಿತು, ಯಾವ ಕಟ್ಟಡದಲ್ಲಿತ್ತು, ಏನೇನು ಬದಲಿಸಲಾಯಿತು. ತೆಗೆದ ಹಳೆಯ ಬಿಡಿಭಾಗಗಳನ್ನು ಒಂದು ಚೀಲದಲ್ಲಿ ಪೆಟ್ಟಿಗೆಯೊಡನೆಯೇ ಕಟ್ಟಿಡಬೇಕು. 1980ರ ದಶಕದ ನಡುಭಾಗದವರೆಗೆ ಟೀವಿ ಇಟ್ಟುಕೊಳ್ಳಲು ಪರವಾನಿಗೆ ಬೇಕಿತ್ತು. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಮುದ್ರೆ ಹಾಕಿಸಿದ ಆ ಪುಸ್ತಕಗಳು ಎಲ್ಲಿಯಾದರೂ ಉಳಿದಿದ್ದರೆ ಅವೂ ಪೆಟ್ಟಿಗೆಯಷ್ಟೇ ಮೌಲ್ಯವುಳ್ಳವು. ದಾಖಲೆಯಿಲ್ಲದ ಪೆಟ್ಟಿಗೆ ಕೇವಲ ಮರ, ಗಾಜು, ತಂತಿ. ದಾಖಲೆಯಿದ್ದರೆ ಅದೊಂದು ಊರಿನ ಚರಿತ್ರೆಯ ಪುಟ.

ಹವ್ಯಾಸದ ಮಿತಿ

ಇಷ್ಟು ಹೇಳಿದ ಮೇಲೆ ವಿರುದ್ಧ ವಾದವನ್ನೂ ಪ್ರಾಮಾಣಿಕವಾಗಿ ಪರಿಶೀಲಿಸಬೇಕು. ಹಳೆಯ ಟೀವಿ ಹೊಸದಕ್ಕಿಂತ ಹೆಚ್ಚು ವಿದ್ಯುತ್ ತಿನ್ನುತ್ತದೆ. ವಾಲ್ವುಗಳಿಂದ ನಡೆಯುವ ಹಳೆಯ ಪೆಟ್ಟಿಗೆಗೆ ನೂರು ವ್ಯಾಟಿಗೂ ಹೆಚ್ಚು ಬೇಕಾದರೆ, ಇಂದಿನ ಸಾಧಾರಣ ಗಾತ್ರದ ಎಲ್‌ಇಡಿ ಟೀವಿಗೆ ಅದರ ಅರ್ಧವೂ ಬೇಡ. ದಿನನಿತ್ಯದ ವೀಕ್ಷಣೆಗೆ ಹಳೆಯದನ್ನೇ ಬಳಸಿರೆಂದು ಹೇಳುವುದು ಪರಿಸರವಾದವಾಗದು. ಪಾಲನೆಯ ಉದ್ದೇಶ ಬಳಕೆಯಲ್ಲ, ಉಳಿಕೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಉತ್ಸಾಹದಿಂದ ಐವತ್ತು ಪೆಟ್ಟಿಗೆಗಳನ್ನು ಕೂಡಿಹಾಕಿದ ಸಂಗ್ರಹಕಾರನ ಕಾಲಾನಂತರ ಏನಾಗುತ್ತದೆ? ಆ ಜ್ಞಾನವಿಲ್ಲದ, ಆಸಕ್ತಿಯಿಲ್ಲದ ಮುಂದಿನ ತಲೆಮಾರು ಒಂದೇ ದಿನದಲ್ಲಿ ಎಲ್ಲವನ್ನೂ ಗುಜರಿಗೆ ಹಾಕುತ್ತದೆ. ಆಗ ಚದುರಿ ಹೋಗಬಹುದಾಗಿದ್ದ ಹಾನಿ ಒಂದೇ ಹಳ್ಳದಲ್ಲಿ ಒಟ್ಟಾಗುತ್ತದೆ. ಆದುದರಿಂದ ಈ ಹವ್ಯಾಸಕ್ಕೆ ಒಂದು ಸರಳ ಅಳತೆಗೋಲನ್ನು ಸೂಚಿಸಬಹುದು. ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ಒರೆಸಿ, ಚಾಲನೆ ಮಾಡಲು ಸಾಧ್ಯವಾಗುವಷ್ಟು ಪೆಟ್ಟಿಗೆಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ಅದಕ್ಕಿಂತ ಹೆಚ್ಚಿನದು ಸಂಗ್ರಹವಲ್ಲ, ಮುಂದೂಡಲ್ಪಟ್ಟ ಕಸ.

ಉಳಿಸಲಾಗದ ಪೆಟ್ಟಿಗೆಗಳನ್ನು ಸರಿಯಾದ ದಾರಿಯಲ್ಲಿ ಬೀಳ್ಕೊಡಬೇಕು. ಭಾರತದಲ್ಲಿ ಇ-ತ್ಯಾಜ್ಯದ ನಿಯಮಗಳು ಮೊದಲು 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂದವು. 2016ರಲ್ಲಿ ಅವು ಬದಲಾದವು. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವುಗಳ ಪ್ರಕಾರ ಟೀವಿ ಪೆಟ್ಟಿಗೆ ಇ-ತ್ಯಾಜ್ಯದ ಪಟ್ಟಿಯಲ್ಲಿದೆ, ಮರುಬಳಕೆಯ ಹೊಣೆ ತಯಾರಕರ ಮೇಲಿದೆ, ಒಡೆಯುವ ಕೆಲಸವನ್ನು ನೋಂದಾಯಿತ ಘಟಕಗಳೇ ಮಾಡಬೇಕು. ತೊಂದರೆಯೆಂದರೆ ಅಂತಹ ಘಟಕಗಳು ಹೆಚ್ಚಾಗಿ ದೊಡ್ಡ ನಗರಗಳ ಸುತ್ತಮುತ್ತ ಇವೆ. ಜೇವರ್ಗಿಯ ಹಳ್ಳಿಯಿಂದಾಗಲಿ ಘಟ್ಟದ ಅಂಚಿನ ಹಳ್ಳಿಯಿಂದಾಗಲಿ ಒಂದೊಂದೇ ಟೀವಿಯನ್ನು ಅಲ್ಲಿಗೆ ಒಯ್ಯುವುದು ಯಾರಿಗೂ ಸಾಧ್ಯವಿಲ್ಲ. ಪಂಚಾಯಿತಿಯೋ ಸಹಕಾರ ಸಂಘವೋ ವರ್ಷಕ್ಕೊಮ್ಮೆ ಒಟ್ಟುಗೂಡಿಸಿ ಕಳುಹಿಸಿದರೆ ಮಾತ್ರ ನಿಯಮ ಹಳ್ಳಿಯ ಮಟ್ಟಿಗೆ ಜೀವಂತವಾಗುತ್ತದೆ.

ಮುಂದಿನ ಕೆಲಸ

ಟೀವಿ ಪೆಟ್ಟಿಗೆಗಿಂತ ಬೇಗ ಕಣ್ಮರೆಯಾಗುತ್ತಿರುವುದು ಅದನ್ನು ದುರಸ್ತಿ ಮಾಡುವ ವಿದ್ಯೆ. 1980 ಮತ್ತು 90ರ ದಶಕಗಳಲ್ಲಿ ತಾಲ್ಲೂಕು ಕೇಂದ್ರಗಳ ಸಂತೆಬೀದಿಗಳಲ್ಲಿ ರೇಡಿಯೋ, ಟೀವಿ ದುರಸ್ತಿಯ ಅಂಗಡಿಗಳು ಸಾಮಾನ್ಯವಾಗಿದ್ದವು. ಐಟಿಐಗಳಲ್ಲಿ ರೇಡಿಯೋ ಮತ್ತು ಟೀವಿ ಮೆಕ್ಯಾನಿಕ್ ಎಂಬ ವೃತ್ತಿ ತರಬೇತಿಯೇ ಇತ್ತು. ಆ ಕಾಲದ ಕುಶಲಕರ್ಮಿಗಳು ಈಗ ವೃದ್ಧಾಪ್ಯದತ್ತ ಸಾಗಿದ್ದಾರೆ, ಅನೇಕರು ಮೊಬೈಲ್ ಮಾರಾಟಕ್ಕೆ ತಿರುಗಿದ್ದಾರೆ. ಬೆಸುಗೆಯ ವಾಸನೆಯಿಂದಲೇ ದೋಷವನ್ನು ಊಹಿಸಬಲ್ಲ ಆ ಕೈಗಳ ಅನುಭವ ಯಾವ ಪುಸ್ತಕದಲ್ಲಿಯೂ ಇಲ್ಲ. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಅಂತರ್ಜಾಲ ತಾಣವನ್ನು ತೆರೆಯಿತು. ಕೃಷಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಹಕ್ಕು ಕಾಗದದಲ್ಲಿದ್ದು ವಿದ್ಯೆ ಊರಿನಲ್ಲಿಲ್ಲದಿದ್ದರೆ ಫಲವಿಲ್ಲ. ಟೀವಿಯ ಒಂದು ಕೆಪಾಸಿಟರನ್ನು ಬದಲಿಸಲು ಕಲಿತ ವಿದ್ಯಾರ್ಥಿ ನಾಳೆ ಪಂಪ್‌ಸೆಟ್ಟಿನ ಸ್ಟಾರ್ಟರನ್ನೂ ಸೌರಬೇಲಿಯ ಪೆಟ್ಟಿಗೆಯನ್ನೂ ಹೆದರದೆ ತೆರೆಯಬಲ್ಲ.

ಆದುದರಿಂದ ಮೂರು ಕೆಲಸಗಳನ್ನು ಸಭೆಯ ಮುಂದಿಡುವುದು ಉಚಿತ. ಪ್ರತಿಯೊಂದು ಊರಿನ ಯುವಕ ಸಂಘ ಅಥವಾ ಶಾಲೆ ತನ್ನ ಊರಿನಲ್ಲಿ ಎಷ್ಟು ಗಾಜಿನ ಟೀವಿಗಳು ಅಟ್ಟ, ಕೊಟ್ಟಿಗೆಗಳಲ್ಲಿವೆ ಎಂಬ ಪಟ್ಟಿ ಮಾಡಲಿ. ಆ ಪಟ್ಟಿಯಲ್ಲಿ ಊರಿನ ಮೊದಲ ಪೆಟ್ಟಿಗೆ, ಸಾರ್ವಜನಿಕ ಪೆಟ್ಟಿಗೆ, ವಿಶೇಷ ಮರದ ಕೆಲಸವುಳ್ಳ ಪೆಟ್ಟಿಗೆಯಂತಹ ಒಂದೆರಡನ್ನು ಆರಿಸಿ ದಾಖಲೆಯೊಡನೆ ಪಾಲಿಸಲಿ. ಊರಿನ ಹಳೆಯ ಮೆಕ್ಯಾನಿಕ್‌ನನ್ನು ಗುರುವಾಗಿ ಕರೆಯಲಿ. ಉಳಿದವುಗಳನ್ನು ಒಡೆಯದೆ, ಒಟ್ಟಾಗಿ, ನೋಂದಾಯಿತ ಘಟಕಕ್ಕೆ ತಲುಪಿಸುವ ಏರ್ಪಾಡನ್ನು ಪಂಚಾಯಿತಿಯಿಂದ ಕೇಳಲಿ.

ಕಲಬುರಗಿ ಜಿಲ್ಲೆಯ ಓದುಗರೂ ಈ ಪತ್ರಿಕೆಗಿದ್ದರೆ ಅವರಿಗೆ ಇನ್ನೊಂದು ಕರ್ತವ್ಯವಿದೆ. 1975ರ ಪ್ರಯೋಗದ ಪೆಟ್ಟಿಗೆಯೋ, ತಂತಿಬಲೆಯ ಆಂಟೆನಾದ ಕಂಬವೋ, ಅದರ ಉಸ್ತುವಾರಿ ಹೊತ್ತಿದ್ದವರ ಕೈಬರಹದ ಪುಸ್ತಕವೋ ಆಳಂದ, ಅಫಜಲಪುರ, ಜೇವರ್ಗಿಗಳ ಯಾವುದಾದರೂ ಹಳೆಯ ಶಾಲೆಯ ಕೋಣೆಯಲ್ಲಿ ಉಳಿದಿರುವ ಸಾಧ್ಯತೆಯಿದೆ. ಅಂದು ಆ ಪೆಟ್ಟಿಗೆಯ ಮುಂದೆ ಕುಳಿತಿದ್ದ ಹತ್ತು ವರ್ಷದ ಮಗುವಿಗೆ ಈಗ ಅರವತ್ತು. ವಸ್ತು ಮತ್ತು ಸಾಕ್ಷಿ ಎರಡೂ ಇರುವಾಗಲೇ ಹುಡುಕಬೇಕು. ದೊರೆತರೆ ಅದನ್ನು ಮಾರುವ ಮೊದಲು ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೋ ಸಮೀಪದ ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೋ ತಿಳಿಸುವುದು ಒಳಿತು.

ಬಂದ ಮಳೆಗಾಲಕ್ಕೆ ಮೊದಲು ಪ್ರತಿಯೊಬ್ಬ ಕೇಳುಗರೂ ತಮ್ಮ ಮನೆಯ ಅಟ್ಟವನ್ನೊಮ್ಮೆ ನೋಡಲಿ. ಅಲ್ಲಿ ಗಾಜಿನ ಟೀವಿಯಿದ್ದರೆ, ಪಾಲಿಸುವುದೋ ಬೀಳ್ಕೊಡುವುದೋ ಎಂಬುದನ್ನು ಈಗಲೇ ನಿರ್ಧರಿಸಲಿ. ನಿರ್ಧಾರ ಯಾವುದೇ ಆಗಲಿ, ಗಾಜು ಮಾತ್ರ ಹಳ್ಳದ ದಂಡೆಯಲ್ಲಿ ಒಡೆಯದಿರಲಿ.